ಹೊಂಬಾಳಮ್ಮನ ತಲೆಗೆ ತಾಗದ ಜೀಪು

ನಮ್ಮೂರಲ್ಲಿ ಯಾರನ್ನಾದರೂ ದಾರಿ ಕೇಳಿ ನೋಡಿ. "ನೇರ ಹೋಗಿ, ಶಿವನಂಜಪ್ಪನ್ನ ಬಲಕ್ಕೆ ಬಿಡಿ, ತಿಮ್ಮಾಜಮ್ಮನ್ನ ಎರಡು ಗಾಲಿ ನಡುವೆ ಹಾಕ್ಕಂಡು ದಾಟಿ, ಆಮೇಲೆ ಎಡಕ್ಕೆ" ಅನ್ನುತ್ತಾರೆ. ಹೊಸಬರು ಬಾಯಿ ಬಿಟ್ಟುಕೊಂಡು ನಿಲ್ಲುತ್ತಾರೆ. ನಿಂತರೆ ನಿಲ್ಲಲಿ. ಅವು ಕಲ್ಲುಗಳ ಹೆಸರು. ನಮ್ಮ ದಾರಿಯಲ್ಲಿ ಕಲ್ಲು ಹುಟ್ಟುತ್ತವೆ. ಮಳೆ ಬಿದ್ದ ಮಾರನೆಯ ದಿನ ಅಣಬೆಯ ಹಾಗೆ ತಲೆ ಎತ್ತುತ್ತವೆ, ಆಮೇಲೆ ನಿಧಾನವಾಗಿ ಬೆಳೆಯುತ್ತವೆ. ಕೆಲವು ಹಲಸಿನಕಾಯಿಯಷ್ಟಾಗಿ ನಿಂತುಬಿಡುತ್ತವೆ, ಕೆಲವು ಮಲಗಿದ ಎಮ್ಮೆಕರುವಿನಷ್ಟಾಗುತ್ತವೆ. ಮೊದಲು ಎಡವಿದವರ ಹೆಸರೇ ಕಲ್ಲಿಗೆ. ಎಡವಿದವರು ಅಲ್ಲೇ ನಿಂತು ತಮ್ಮ ಹೆಸರನ್ನು ಗಟ್ಟಿಯಾಗಿ ಕೂಗಬೇಕು, ಕೇಳಿದವರು ಹೂಂ ಅನ್ನಬೇಕು, ಅಷ್ಟೇ ಶಾಸ್ತ್ರ. ಅಲ್ಲಿಂದ ಮುಂದೆ ಆ ಕಲ್ಲೇ ಆ ಮನುಷ್ಯ. ಅದನ್ನು ಒಡೆಯುವ ಮಾತೇ ಇಲ್ಲ. ಸುತ್ತಿಗೆ ಹಿಡಿದು ಮನುಷ್ಯರ ಮೇಲೆ ಹೋಗುತ್ತಾರೆಯೇ? ಇನ್ನೊಬ್ಬರ ಕಲ್ಲಿಗೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಂಡು ಮುಂದೆ ಹೋಗುತ್ತೇವೆ.

ಈ ದಾರಿಯಲ್ಲಿ ನಾನು ಜೀಪು ಓಡಿಸುತ್ತೇನೆ. ಮೇಲಿನ ನಮ್ಮೂರಿನಿಂದ ಇಳಿಜಾರಿನುದ್ದಕ್ಕೂ ಹೊಳೆಯಾಚೆಯ ಪೇಟೆಯವರೆಗೆ ಜನ ತುಂಬಿಕೊಂಡು ಹೋಗುವುದು, ಜನ ತುಂಬಿಕೊಂಡು ಬರುವುದು. ಅರ್ಧ ದಾರಿಯಲ್ಲಿ ಒಂದು ತಿರುವಿದೆ. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಕಾಲುವೆ. ಅದರ ನಟ್ಟನಡುವೆ ನನ್ನ ಹೆಂಡತಿ ಹೊಂಬಾಳಮ್ಮ ಇದ್ದಾಳೆ.

ಅವಳು ಅಲ್ಲಿ ಎಡವಿದ ದಿನ ನಾನು ಪಕ್ಕದಲ್ಲೇ ಇದ್ದೆ. ಹೆಬ್ಬೆರಳಿನ ಉಗುರು ಎದ್ದಿತ್ತು, ಕಣ್ಣಲ್ಲಿ ನೀರು ತುಂಬಿತ್ತು, ಆದರೂ ಸೆರಗು ಸರಿಮಾಡಿಕೊಂಡು "ಹೊಂಬಾಳಮ್ಮಾ" ಎಂದು ಕೂಗಿದಳು. ನಾನು ಹೂಂ ಅಂದೆ. ಆಗ ಅದು ನಿಂಬೆಹಣ್ಣಿನಷ್ಟಿತ್ತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಜೀಪಿನ ಹೊಟ್ಟೆಗೆ ಬಂತು. ಜೀಪಿನ ಹಿಂದಿನ ಎರಡು ಚಕ್ರಗಳ ನಡುವೆ, ಅವನ್ನು ಜೋಡಿಸುವ ಆಕ್ಸಲ್ಲಿನಲ್ಲಿ ಕುಂಬಳಕಾಯಿಯಂಥ ಒಂದು ಕಬ್ಬಿಣದ ಗುಂಡು ಇರುತ್ತದೆ. ಗಾಡಿಯಡಿಯಲ್ಲಿ ನೆಲಕ್ಕೆ ಅದಕ್ಕಿಂತ ಹತ್ತಿರವಾದದ್ದು ಬೇರೇನಿಲ್ಲ. ಆ ಗುಂಡು ದಿನಾ ಹೊಂಬಾಳಮ್ಮನ ನೆತ್ತಿಗೆ ತಾಗತೊಡಗಿತು. ಒಂದು ಪಕ್ಕದ ಗಾಲಿಯನ್ನು ಬಂಡೆಯ ಅಂಚಿಗೆ ಹತ್ತಿಸಿ, ಗಾಡಿಯನ್ನು ಓರೆ ಮಾಡಿ ದಾಟಿಸುತ್ತಿದ್ದೆ. ಆದರೂ ಕೊರ್ರ್ ಎಂದು ಒಂದು ಸದ್ದು ಬರುತ್ತಿತ್ತು. ಹಿಂದೆ ಕೂತವರು ಕಿಸಕ್ಕೆಂದು ನಗುತ್ತಿದ್ದರು. "ಜವರಣ್ಣ, ಇವತ್ತೂ ಮನೆಯವರು ಬಿಡ್ಲಿಲ್ವಾ?" ಎಂದು ಒಬ್ಬ ಕೇಳುತ್ತಿದ್ದ. ಬಾಯಿಗೆ ಬಂದದ್ದನ್ನು ಬೈದು ಮುಂದೆ ಹೋಗುತ್ತಿದ್ದೆ.

ಬೈದರೆ ಏನು ಬಂತು, ಸದ್ದು ಮನೆಗೂ ಮುಟ್ಟಿತು. ಒಂದು ಬೆಳಿಗ್ಗೆ ಹೊಂಬಾಳಮ್ಮ ರೊಟ್ಟಿ ತಟ್ಟುತ್ತಿದ್ದವಳು ತಲೆ ಎತ್ತದೆ ಕೇಳಿದಳು. "ರೀ, ಶುಕ್ರವಾರ ನಮ್ಮಕ್ಕನ ಮಗಳ ಸೀಮಂತ. ಪೇಟೆಗೆ ಹೋಗ್ಬೇಕು."

"ಹೋಗಣ. ಮುಂದಿನ ಸೀಟು ನಿಂಗೇ."

"ನಿಮ್ ಗಾಡೀಲಿ ನಾನು ಬರಲ್ಲ."

"ಯಾಕೆ?"

"ಯಾಕೆ ಅಂತ ಬೇರೆ ಕೇಳ್ತೀರಾ? ನಿನ್ನೆ ಕಾಲುವೆ ಕಡೆ ಹೋಗಿದ್ದೆ. ನಾನಿಟ್ಟಿದ್ದ ಅರಿಸಿನ ಕುಂಕುಮ ಎಲ್ಲಾ ಒರೆಸಿ, ನೆತ್ತಿ ಮೇಲೆ ಕರೀ ಎಣ್ಣೆ ಬಳಿದೈತೆ ನಿಮ್ ಜೀಪು. ಹೋಗ್ತಾ ಒಂದು ಮೊಟಕು, ಬರ್ತಾ ಒಂದು ಮೊಟಕು. ಊರೋರ ಮುಂದೆ ಮೊಟಕಿಸ್ಕೊಂಡಿದ್ದು ಸಾಕು. ಅದರೊಳಗೇ ಕೂತ್ಕೊಂಡು ಮೊಟಕಿಸ್ಕೊಳ್ಳಾ?"

"ಮತ್ತೆ ನಡ್ಕೊಂಡು ಹೋಗ್ತೀಯಾ?"

"ಶಿವನಂಜಪ್ಪಣ್ಣನ ಟ್ರ್ಯಾಕ್ಟರಲ್ಲಿ ಹೋಗ್ತೀನಿ. ಅದು ನನ್ನ ಮೇಲೆ ಹೋದ್ರೂ ಒಂದು ಕೂದಲು ಕೊಂಕಲ್ಲ."

ಕೈಯಲ್ಲಿದ್ದ ಲೋಟ ಎಸೆಯಬೇಕೆನಿಸಿತು. ಕಾಫಿ ಬಿಸಿಯಿತ್ತು, ಕುಡಿದೆ. ಈ ದಾರಿಯಲ್ಲಿ ಜನ ಸಾಗಿಸುವವರು ಇಬ್ಬರೇ, ನಾನು ಮತ್ತು ಟ್ರೇಲರ್ ಕಟ್ಟಿಕೊಂಡ ಆ ಶಿವನಂಜಪ್ಪ. ಜೀಪಿನವನ ಹೆಂಡತಿಯೇ ಟ್ರ್ಯಾಕ್ಟರ್ ಹತ್ತಿ ಹೋದಳು ಅಂದಮೇಲೆ ಶನಿವಾರ ನನ್ನ ಜೀಪು ಹತ್ತುವವರು ಯಾರು? ಅದು ಹಾಗಿರಲಿ. ಅವಳು ಅಲ್ಲಿ, ಆ ಟ್ರೇಲರಿನ ಜನರ ನಡುವೆ, ತಟ್ಟೆಯಲ್ಲಿ ಸೀರೆ ಹೂವು ಇಟ್ಟುಕೊಂಡು ನನಗೆ ಬೆನ್ನು ಮಾಡಿ ಕೂತಿರುವುದು ಕಣ್ಣಿಗೆ ಕಟ್ಟಿತು. ರೊಟ್ಟಿ ತಿನ್ನದೆ ಎದ್ದು ಜಬ್ಬಾರನ ಗ್ಯಾರೇಜಿಗೆ ಹೋದೆ.

ಜಬ್ಬಾರ್ ನನ್ನ ವಯಸ್ಸಿನವನೇ. ಅರ್ಧ ಊರಿನ ಗಾಡಿಗಳನ್ನು ಎತ್ತರ ಮಾಡಿರುವವನು ಅವನು. ಹಾಲಿನವನ ಸೈಕಲ್ಲಿಗೆ ದೊಡ್ಡ ಚಕ್ರ, ಐಸ್‌ಕ್ಯಾಂಡಿ ಗಾಡಿಗೆ ಉದ್ದ ಕಾಲು, ಎಲ್ಲಾ ಅವನದೇ ಕೈಕೆಲಸ. ಮಾತು ಮಾತ್ರ ಜಾಸ್ತಿ. ನಾನು ಬಾಯಿ ತೆರೆಯುವ ಮೊದಲೇ ಜೀಪಿನಡಿಗೆ ತೂರಿಕೊಂಡು ಅಲ್ಲಿಂದಲೇ ಶುರು ಮಾಡಿದ.

"ಅತ್ತಿಗೆ ನೆತ್ತಿಗೆ ಉಜ್ಜಿ ಉಜ್ಜಿ ಗುಂಡು ಸವೆದೈತಲ್ಲಣ್ಣಾ! ನೋಡು, ಎತ್ತರ ಮಾಡೋಕೆ ಎರಡು ದಾರಿ. ಒಂದು, ಸ್ಪ್ರಿಂಗ್ ಪಟ್ಟಿ ಬದಲಾಯಿಸಿ ಬಾಡಿ ಎತ್ತೋದು. ಅದ್ರಲ್ಲೂ ನಾಲ್ಕು ಬೆರಳಿಂದು, ಎಂಟು ಬೆರಳಿಂದು ಅಂತ ಐತೆ. ಇನ್ನೊಂದು, ದೊಡ್ಡ ಟೈರ್ ಹಾಕೋದು. ನಿಂಗೆ ಬೇಕಾಗಿರೋದು ಮೊದ್ಲು—"

ಆ ಹೊತ್ತಿಗೇ ಶಿವನಂಜಪ್ಪನ ಟ್ರ್ಯಾಕ್ಟರು ಗಡಗಡ ಎನ್ನುತ್ತ ಬಂದು ಗ್ಯಾರೇಜಿನ ಮುಂದೆ ನಿಂತಿತು. ಅವನು ಸೀಟಿನ ಮೇಲಿಂದ ಬಗ್ಗಿ ನೋಡಿದ. "ಯಾರದು ಕೆಳಗೆ, ಜವರಣ್ಣನಾ? ನಾನೇನೋ ಯಾರೋ ಗೊಂಬೆ ಗಾಡಿ ಇಟ್ಕೊಂಡವ್ರೆ ಅಂದ್ಕಂಡೆ. ಮನೆಯವ್ರು ಶುಕ್ರವಾರಕ್ಕೆ ಸೀಟು ಹೇಳಿ ಕಳ್ಸವ್ರೆ. ಒಣಹುಲ್ಲು ಹಾಸಿ ಮೆತ್ತಗೆ ಕರ್ಕೊಂಡು ಹೋಗ್ತೀನಿ, ನೀನು ಯೋಚ್ನೆ ಮಾಡ್ಬೇಡ." ಹೇಳಿ, ಹೊಗೆ ಬಿಟ್ಟು ಹೊರಟುಹೋದ.

ಜಬ್ಬಾರನ ಕಾಲು ಹಿಡಿದು ಜೀಪಿನಡಿಯಿಂದ ಹೊರಕ್ಕೆಳೆದೆ. "ಎಂಟು ಬೆರಳಿಂದು ಹಾಕು. ಅವನ ಸೀಟಿಗಿಂತ ನನ್ನ ಸೀಟು ಮೇಲಿರ್ಬೇಕು."

"ಅಣ್ಣಾ, ಪೂರ್ತಿ ಕೇಳು. ಮೊದ್ಲು ಟೈರು—"

"ನಿನ್ನ ಟೈರ್ ಅಟ್ಟದ ಮೇಲೆ ಮಾರಾಟ ಆಗ್ದೆ ಬಿದ್ದವೆ, ನಂಗೆ ದಾಟಿಸೋಕೆ ನೋಡ್ತೀಯಾ? ಸ್ಪ್ರಿಂಗ್ ಹಾಕು ಅಂದ್ರೆ ಸ್ಪ್ರಿಂಗ್ ಹಾಕು!"

ಜಬ್ಬಾರ್ ಕೈ ಒರೆಸಿಕೊಂಡ. "ಆಯ್ತು. ಗಾಡಿ ನಿಂದು, ಹೆಂಡ್ತಿ ನಿಂದು" ಎಂದ. ಅಂಥ ಮಾತುಗಾರ ಆಮೇಲೆ ಒಂದಕ್ಷರ ಮಾತಾಡಲಿಲ್ಲ. ಆಗಲೇ ನನಗೆ ತಿಳಿಯಬೇಕಿತ್ತು.

ಕೆಲಸ ಮುಗಿದಾಗ ಜೀಪು ನೋಡಬೇಕಿತ್ತು. ಉದ್ದನೆಯ ಪಟ್ಟಿ, ಉದ್ದನೆಯ ಶಾಕ್ ಅಬ್ಸಾರ್ಬರ್, ಒಂಟೆ ಎದ್ದು ನಿಂತ ಹಾಗೆ ನಿಂತಿತ್ತು. ಹಳೆಯ ಚಕ್ರಗಳು ಮಾತ್ರ ಅಡಿಯಲ್ಲಿ ಪುಟ್ಟದಾಗಿ, ದೊಡ್ಡಾಳು ಮಗುವಿನ ಚಪ್ಪಲಿ ಮೆಟ್ಟಿದ ಹಾಗೆ ಕಾಣುತ್ತಿದ್ದವು. ಅದನ್ನು ಯಾರು ನೋಡುತ್ತಾರೆ? ನಾನು ಹತ್ತಿ ಕೂತು ಊರಿನ ನಡುವೆ ಹಾರ್ನ್ ಮಾಡಿಕೊಂಡು ಹೋದೆ. ಚಾವಣಿಯ ಮೇಲಿನ ಬೆಕ್ಕು ನನ್ನ ಸಮಕ್ಕೆ ಕಂಡಿತು. ಮನೆಯ ಮುಂದೆ ನಿಲ್ಲಿಸಿ, "ಹೊಂಬಾಳೂ, ಬಾ ಕಾಲುವೆ ತಿರುವಿಗೆ, ಕಣ್ಣಾರೆ ನೋಡು" ಎಂದು ಕೂಗಿದೆ. ಅವಳ ಜೊತೆ ಅರ್ಧ ಊರೂ ಬಂತು.

ಈ ಸಲ ಬಂಡೆಯ ಅಂಚಿಗೆ ಗಾಲಿ ಹತ್ತಿಸಲಿಲ್ಲ. ನೇರ ನುಗ್ಗಿಸಿದೆ. ಮುಂದಿನ ಗಾಲಿಗಳು ದಾಟಿದವು. ನಾನು ಕಿಟಕಿಯಿಂದ ಹೆಂಡತಿಯ ಕಡೆ ನೋಡಿ ಮೀಸೆ ತಿರುವಿದೆ. ತಿರುವಿದ ಕೈ ಇನ್ನೂ ಮೀಸೆಯ ಮೇಲಿತ್ತು, ಢಣ್ ಎಂದಿತು. ನನ್ನ ತಲೆ ಮೇಲಿನ ತಗಡಿಗೆ ಹೊಡೆಯಿತು. ಹಿಂದಿನ ಚಕ್ರಗಳು ನೆಲ ಬಿಟ್ಟು ಗಾಳಿಯಲ್ಲಿ ಗಿರಗಿರ ತಿರುಗಿದವು. ಜೀಪು ಹೊಂಬಾಳಮ್ಮನ ನೆತ್ತಿಯ ಮೇಲೆ ಪದ್ಮಾಸನ ಹಾಕಿ ಕೂತುಬಿಟ್ಟಿತ್ತು.

ನಗು ಕಾಲುವೆಯಾಚೆಗೂ ಕೇಳಿಸಿರಬೇಕು. ಎತ್ತರದ ಸೀಟಿನಿಂದ ಇಳಿಯಲು ನೋಡಿದೆ, ನೆಲ ಸಿಗಲಿಲ್ಲ, ಜಾರಿ ಕೂತೆ. ಶಿವನಂಜಪ್ಪನೇ ಟ್ರ್ಯಾಕ್ಟರ್ ತಂದು ಹಗ್ಗ ಕಟ್ಟಿ ಹಿಂದಕ್ಕೆಳೆದ. ಎಳೆಯುವಾಗ ಎಷ್ಟು ಮರ್ಯಾದೆಯಿಂದ ನಡೆದುಕೊಂಡನೆಂದರೆ, ಅದಕ್ಕಿಂತ ಅವನು ಬೈದಿದ್ದರೆ ಚೆನ್ನಾಗಿತ್ತು.

ಹೊಂಬಾಳಮ್ಮ ನಗಲಿಲ್ಲ. ಸೆರಗು ಸೊಂಟಕ್ಕೆ ಸಿಗಿಸಿ, ಕುಕ್ಕರುಗಾಲಲ್ಲಿ ಕೂತು, ಜೀಪಿನಡಿಗೆ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು ನನ್ನ ಹತ್ತಿರ ಬಂದು, ಬೇರೆಯವರಿಗೆ ಕೇಳಿಸದ ಹಾಗೆ ಹೇಳಿದಳು. "ರೀ, ಗಾಡಿ ಮೇಲಕ್ಕೆ ಹೋಗೈತೆ. ಗುಂಡು ಇದ್ದಲ್ಲೇ ಐತೆ. ಸೀರೆ ಮೇಲೆತ್ತಿ ಕಟ್ಟಿದ್ರೆ ಕಾಲು ಉದ್ದ ಆಗ್ತದಾ?"

ನಾನೂ ಬಗ್ಗಿ ನೋಡಿದೆ. ಹೌದು. ಪಟ್ಟಿ ಎತ್ತಿದ್ದು ಬಾಡಿಯನ್ನು. ಆಕ್ಸಲ್ಲು ಕೂತಿರುವುದು ಚಕ್ರದ ಮೇಲೆ. ಚಕ್ರ ದೊಡ್ಡದಾಗದೆ ಆ ಕುಂಬಳಕಾಯಿ ಕೂದಲೆಳೆಯಷ್ಟೂ ಮೇಲೇಳುವುದಿಲ್ಲ. ಜಬ್ಬಾರ್ ಹೇಳಲು ಹೊರಟಿದ್ದು ಇದನ್ನೇ.

"ಈಗ ಏನ್ ಮಾಡಾದು?" ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

"ನಡೀರಿ, ಜಬ್ಬಾರಣ್ಣನ ಹತ್ರ. ನಾನೂ ಬರ್ತೀನಿ. ನನ್ನ ತಲೆ ವಿಚಾರ, ನೀವಿಬ್ರೇ ಮಾತಾಡೋದು ಏನೈತೆ?"

ಜಬ್ಬಾರ್ ನನ್ನನ್ನು ಕಂಡೂ ಕಾಣದವನಂತೆ ಒಂದು ಪಂಕ್ಚರ್ ಟ್ಯೂಬನ್ನು ನೀರಿನಲ್ಲಿ ಅದ್ದುತ್ತ ಕೂತಿದ್ದ. ಗುಳ್ಳೆ ಬರುವುದನ್ನೇ ನೋಡುತ್ತಿದ್ದ. "ತಪ್ಪಾಯ್ತು ಕಣಯ್ಯಾ" ಅಂದೆ. ಅವನು ಕೇಳಿಸದವನಂತೆ ಟ್ಯೂಬ್ ತಿರುಗಿಸಿದ. "ತಪ್ಪಾಯ್ತು ಅಂದ್ನಲ್ಲಾ! ಇನ್ನೆಷ್ಟು ಸಲ ಅನ್ಲಿ? ಬೋರ್ಡ್ ಬರೆಸಿ ತಗಲಾಕ್ಲಾ?" ಎಂದು ಕಿರುಚಿದೆ. ಆಗ ಅವನಿಗೆ ನಗು ಬಂತು. "ಇದು ನಮ್ ಜವರಣ್ಣ. ಮೆತ್ತಗೆ ಹೇಳ್ದಾಗ ಯಾರೋ ಬೇರೆಯವ್ನು ಅಂದ್ಕಂಡೆ. ಕೂತ್ಕಳಿ ಅತ್ತಿಗೆ, ಟೀ ತರಿಸ್ತೀನಿ."

ಮೊದಲು ಎಂಟು ಬೆರಳಿನ ಪಟ್ಟಿ ತೆಗೆಸಿದೆವು. "ಅಷ್ಟೆತ್ತರಕ್ಕೆ ತಿರುವಲ್ಲಿ ಗಾಡಿ ಮಗುಚ್ತದೆ. ಕಾಲುವೇಲಿ ಮೀನು ಹಿಡೀಬೇಕಾಗ್ತದೆ" ಎಂದ ಜಬ್ಬಾರ್. ನಾಲ್ಕು ಬೆರಳಿನದು ಸಾಕು. ಅದೂ ಕಲ್ಲಿಗಾಗಿ ಅಲ್ಲ, ದೊಡ್ಡ ಟೈರು ತಿರುಗುವಾಗ ಮಡ್‌ಗಾರ್ಡಿಗೆ ಉಜ್ಜದಿರಲಿ ಎಂದು. ಆಮೇಲೆ ಅಟ್ಟದಿಂದ ಟೈರು ಇಳಿಸಿದ. ಎರಡು ಜಾತಿಯವು. ಒಂದು ಎತ್ತರವೂ ಹೌದು, ಅಗಲವೂ ಹೌದು, ಮೊಸಳೆಯ ಬೆನ್ನಿನಂಥ ಗಡ್ಡೆ ಗಡ್ಡೆ ಹಲ್ಲು. ನೋಡಿದರೆ ಮುತ್ತು ಕೊಡಬೇಕು, ಹಾಗಿತ್ತು. ಇನ್ನೊಂದು ಅಷ್ಟೇ ಎತ್ತರ, ಆದರೆ ಸಪೂರ, ಹಲ್ಲೂ ಸಾಧಾರಣ.

"ಇದು" ಎಂದು ನಾನು ಮೊಸಳೆಯ ಮೇಲೆ ಕೈಯಿಟ್ಟೆ.

"ಬೇಡ" ಎಂದಳು ಹೊಂಬಾಳಮ್ಮ.

"ಏನೇ ಗೊತ್ತು ನಿಂಗೆ ಟೈರ್ ವಿಚಾರ?"

"ಟೈರ್ ವಿಚಾರ ಗೊತ್ತಿಲ್ಲ. ದಾರಿ ಗೊತ್ತು. ಬಾವಿ ಹತ್ರ ತಿಮ್ಮಾಜಮ್ಮಜ್ಜಿಗೂ ಅವ್ರ ತಂಗಿಗೂ ಮಧ್ಯೆ ಎಷ್ಟು ಜಾಗ ಐತೆ? ನಿಮ್ ಈಗಿನ ಗಾಲಿಯೇ ಉಸಿರು ಹಿಡ್ಕೊಂಡು ಹೋಗ್ತದೆ. ಈ ದಪ್ಪಂದು ಹಾಕ್ಸಿ, ನನ್ ತಲೆ ಬಿಟ್ಟು ಅಜ್ಜಿ ಪಕ್ಕೆ ಮುರೀರಿ. ಆಮೇಲೆ ಅಜ್ಜಿ ನಮ್ಮನೆ ಮುಂದೆ ಬಂದು ಕೂತ್ಕೊಂಡ್ರೆ ಊಟ ನೀವೇ ಬಡಿಸ್ಬೇಕು."

ಜಬ್ಬಾರ್ ಮೆಲ್ಲಗೆ ಮೊಸಳೆಯನ್ನು ಉರುಳಿಸಿ ಗೋಡೆಗೆ ಒರಗಿಸಿಟ್ಟ. ನಾನು ಟೀ ಕುಡಿದೆ. ತಣ್ಣಗಾಗಿತ್ತು, ಕುಡಿದೆ.

ಸಪೂರ ಟೈರು ಹಾಕಿ ಗಾಡಿ ಇಳಿಸಿದ ಮೇಲೆ ಅವಳು ಮತ್ತೆ ಕುಕ್ಕರುಗಾಲಲ್ಲಿ ಕೂತಳು. ನೆಲದಿಂದ ಗುಂಡಿನವರೆಗೆ ತನ್ನ ಗೇಣು ಇಟ್ಟು, ಮೇಲೆ ಬೆರಳು ಇಟ್ಟು ಅಳೆದಳು. ತನ್ನ ಕಲ್ಲಿನ ಎತ್ತರ ಅವಳ ಕೈಗೆ ಗೊತ್ತಿತ್ತು; ಪ್ರತಿ ಮಂಗಳವಾರ ಅರಿಸಿನ ಹಚ್ಚುವ ಕೈಯಲ್ಲವೇ. "ಒಂದು ಬೆರಳು ಜಾಗ ಐತೆ" ಎಂದಳು. ನಾನು ಹಿಗ್ಗಿ ಎದ್ದೆ. "ಕೂತ್ಕಳಿ. ಇದು ಖಾಲಿ ಗಾಡಿ. ಜನ ತುಂಬಿದ್ರೆ ಟೈರು ಕುಗ್ಗಲ್ವಾ?" ಎಂದವಳೇ ಹೊರಗೆ ಹೋಗಿ, ಪಕ್ಕದ ಹಿಟ್ಟಿನ ಗಿರಣಿಯಲ್ಲಿ ಸರದಿಗೆ ನಿಂತಿದ್ದವರನ್ನೆಲ್ಲ ಕರೆತಂದು ಜೀಪಿನೊಳಗೆ ಹತ್ತಿಸಿದಳು. ಅವರು ಜೋಳದ ಚೀಲಗಳ ಸಮೇತ ಕೂತರು. ಯಾಕೆ ಕೂರಿಸಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ, ಒಬ್ಬ ಮಾತ್ರ "ಎಲ್ಲಿಗೆ ಹೋಗ್ತದೆ ಗಾಡಿ?" ಎಂದು ಕೇಳಿದ. ಅವಳು ಮತ್ತೆ ಅಳೆದಳು. ಈಗ ಅರ್ಧ ಬೆರಳು. "ಗಾಳಿ ಇನ್ನೊಂಚೂರು ಹೊಡೀರಿ ಜಬ್ಬಾರಣ್ಣಾ." ಅವನು ಹೊಡೆದ. ಅವಳು ಅಳೆದಳು, ಎದ್ದಳು, ಕೈ ಒರೆಸಿಕೊಂಡಳು. ಬರುತ್ತೇನೆ ಎಂದೂ ಅನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.

ಶುಕ್ರವಾರ ಬೆಳಿಗ್ಗೆ ಅರಳಿಕಟ್ಟೆಯ ಹತ್ತಿರ ಜೀಪು ನಿಲ್ಲಿಸಿದೆ. ಎದುರಿಗೆ ಶಿವನಂಜಪ್ಪನ ಟ್ರೇಲರು, ಹೇಳಿದ ಮಾತಿನಂತೆ ಒಣಹುಲ್ಲು ಹಾಸಿಕೊಂಡು ಕಾದಿತ್ತು. ನನ್ನ ಜೀಪು ಹತ್ತಲು ಜನ ಬಂದರು, ನಿಜ. ಆದರೆ ಹತ್ತುವುದು ಹೇಗೆ? ಹಿಂದಿನ ಮೆಟ್ಟಿಲು ಈಗ ಹೆಂಗಸರ ಸೊಂಟಕ್ಕಿತ್ತು. ತಿಮ್ಮಾಜಮ್ಮ ಒಂದು ಕಾಲೆತ್ತಿ ನೋಡಿದಳು, ಇಳಿಸಿದಳು. ಇನ್ನೊಂದು ಕಾಲೆತ್ತಿ ನೋಡಿದಳು. "ಜವರಾ, ಇದು ಗಾಡಿಯೋ ಅಟ್ಟವೋ? ಏಣಿ ಎಲ್ಲೋ ಮಡಗಿದ್ದೀಯ?" ಒಬ್ಬ ಗಂಡಸು ಅವಳನ್ನು ಎತ್ತಲು ಹೋಗಿ ಬೈಸಿಕೊಂಡ. ಶಿವನಂಜಪ್ಪ ಬೀಡಿ ಹಚ್ಚಿಕೊಂಡು ಸುಮ್ಮನೆ ನೋಡುತ್ತಿದ್ದ. ಅವನ ಟ್ರೇಲರಿಗೆ ಹಿಂದೆ ಒಂದು ಕಬ್ಬಿಣದ ಮೆಟ್ಟಿಲಿತ್ತು. ನಾನು ಎಲ್ಲವನ್ನೂ ಅಳೆಸಿದ್ದೆ, ಇದೊಂದನ್ನು ಬಿಟ್ಟು. ಸ್ಟೇರಿಂಗಿಗೆ ಒಂದು ಗುದ್ದು ಹಾಕಿದೆ, ಹಾರ್ನ್ ಕೂಗಿಕೊಂಡಿತು.

"ಬಡ್ಕೋಬ್ಯಾಡ" ಎಂದಳು ತಿಮ್ಮಾಜಮ್ಮ. "ಬಾವಿ ಹತ್ರ ಹೋಗಿ ನಿಂತಿರ್ತೀನಿ, ಅಲ್ಲಿಗೆ ತಗಂಬಾ." ಕೋಲೂರಿಕೊಂಡು ನಡೆದಳು. ಬಾವಿಯ ಹತ್ತಿರ ತನ್ನ ಕಲ್ಲಿನ ಮೇಲೆ ತಾನು ಹತ್ತಿ ನಿಂತಳು. ಬೇರೆಯವರು ಕಾಲಿಡುವಂತಿಲ್ಲ, ಅವಳಿಗೇನು, ತನ್ನ ತಲೆ ತನ್ನ ಕಾಲು. ಜೀಪು ಪಕ್ಕಕ್ಕೆ ತಂದೆ. ಅಂಗಳದಿಂದ ಜಗುಲಿಗೆ ಬಂದ ಹಾಗೆ ಸಲೀಸಾಗಿ ಒಳಗೆ ಬಂದು ಕೂತು, ಎಲೆ ಅಡಿಕೆ ತೆಗೆದಳು. ಅದನ್ನು ನೋಡಿದ್ದೇ ತಡ, ಕಟ್ಟೆಯ ಹತ್ತಿರವಿದ್ದ ಜನವೆಲ್ಲ ತಂತಮ್ಮ ಕಲ್ಲಿಗೆ ಓಡಿದರು. ದಾರಿಯುದ್ದಕ್ಕೂ ಒಬ್ಬೊಬ್ಬರು ತಮ್ಮ ತಮ್ಮ ಕಲ್ಲಿನ ಮೇಲೆ ಕೊಕ್ಕರೆಗಳ ಹಾಗೆ ನಿಂತಿದ್ದರು. ನಾನು ನಿಲ್ಲಿಸಿ ನಿಲ್ಲಿಸಿ ತುಂಬಿಸಿಕೊಂಡೆ. ಟ್ರ್ಯಾಕ್ಟರು ಹಿಂದೆಯೇ ಬರುತ್ತಿತ್ತು. ಅದರಲ್ಲಿ ನನ್ನ ಹೆಂಡತಿ ಇದ್ದಾಳೋ ಇಲ್ಲವೋ ಎಂದು ತಿರುಗಿ ನೋಡಲು ನನಗೆ ಧೈರ್ಯವಾಗಲಿಲ್ಲ.

ತಿರುವಿಗೆ ಬಂದರೆ, ಅಲ್ಲಿದ್ದಳು. ಮುಂಚೆಯೇ ನಡೆದು ಬಂದಿದ್ದಳು. ಹಸಿರು ರೇಷ್ಮೆ ಸೀರೆ, ತಲೆ ತುಂಬ ಮಲ್ಲಿಗೆ, ಕೈಯಲ್ಲಿ ತಟ್ಟೆ. ಬಂಡೆಗೂ ಕಾಲುವೆಗೂ ನಡುವೆ ತನ್ನ ಕಲ್ಲಿನ ಮೇಲೆ, ಅರಿಸಿನ ಹಚ್ಚಿ ಹೂವಿಟ್ಟ ನೆತ್ತಿಯ ಆಚೀಚೆ ಪಾದ ಊರಿ, ನೆಟ್ಟಗೆ ನಿಂತಿದ್ದಳು. ನಾನು ಜೀಪಿನ ಮೂತಿಯನ್ನು ಬಂಡೆಯ ಕಡೆಗೆ ಒತ್ತಿ ಅವಳ ಪಕ್ಕಕ್ಕೆ ತಂದೆ. ಅವಳು ತಟ್ಟೆಯನ್ನು ನನಗೆ ಕೊಟ್ಟು, ಸೀರೆ ಹಿಡಿದು, ಒಂದೇ ಹೆಜ್ಜೆಗೆ ಮುಂದಿನ ಸೀಟಿಗೆ ಬಂದಳು. ಕೂತು, ನೆರಿಗೆ ಸರಿಮಾಡಿಕೊಂಡು, "ಹೂಂ, ದಾಟಿಸಿ" ಎಂದಳು.

ಸ್ವಲ್ಪ ಹಿಂದೆ ತೆಗೆದುಕೊಂಡು ನೇರ ಮಾಡಿದೆ. ಬೈಗುಳ ಒಂದೂ ನೆನಪಿಗೆ ಬರಲಿಲ್ಲ. ತಿಮ್ಮಾಜಮ್ಮ ಎಲೆ ಅಗಿಯುವುದನ್ನು ನಿಲ್ಲಿಸಿದಳು. ಹಿಂದಿನವರೆಲ್ಲ ಉಸಿರು ಬಿಡಲಿಲ್ಲ, ಬಿಟ್ಟರೆ ಗಾಡಿ ಭಾರವಾಗುತ್ತದೆಯೋ ಏನೋ ಎಂಬಂತೆ. ಮುಂದಿನ ಗಾಲಿ ಹೋಯಿತು. ಕಾಲುವೆಯ ನೀರಿನ ಸದ್ದು ಕೇಳಿಸಿತು. ಹಿಂದಿನ ಗಾಲಿಯೂ ಹೋಯಿತು. ನೀರಿನ ಸದ್ದು ಬಿಟ್ಟು ಬೇರೆ ಸದ್ದಿಲ್ಲ.

"ತಾಗ್ಲಿಲ್ಲ!" ಎಂದು ಯಾರೋ ಅರಚಿದರು.

"ನಿಲ್ಸಿ" ಎಂದಳು ಹೊಂಬಾಳಮ್ಮ. ಬಾಗಿಲು ಹಿಡಿದು ನೇತುಬಿದ್ದು ಇಳಿದಳು. ಹಿಂದಕ್ಕೆ ನಡೆದು ಹೋಗಿ ಕಲ್ಲಿನ ಮುಂದೆ ಬಗ್ಗಿದಳು. ಬೆಳಿಗ್ಗೆ ಹಚ್ಚಿದ ಅರಿಸಿನ ಹಚ್ಚಿದ ಹಾಗೇ ಇತ್ತು. ಇಟ್ಟ ಹೂವಿನ ಒಂದು ಎಸಳೂ ಬಾಗಿರಲಿಲ್ಲ. ನಡುಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿದಳು, ಮಗುವಿನ ನೆತ್ತಿ ಮುಟ್ಟುವ ಹಾಗೆ. ಎದ್ದು ನನ್ನ ಕಡೆ ನೋಡಿ ನಕ್ಕಳು. ಎಷ್ಟೋ ದಿನಗಳ ಮೇಲೆ ಆ ನಗು ನನಗೆ ಸಿಕ್ಕಿದ್ದು. ಮೀಸೆಗೆ ಹೋದ ಕೈಯನ್ನು ಅರ್ಧದಲ್ಲೇ ಇಳಿಸಿದೆ.

ವಾಪಸ್ ಬಂದು ಬಾಗಿಲ ಹತ್ತಿರ ನಿಂತಳು. ಸೀಟನ್ನು ನೋಡಿದಳು. ನೆಲ ನೋಡಿದಳು. ರೇಷ್ಮೆ ಸೀರೆಯಲ್ಲಿ ಕಾಲನ್ನು ಅಷ್ಟೆತ್ತರ ಎತ್ತುವ ಮಾತೇ ಇಲ್ಲ. ಕಲ್ಲು ಹಿಂದುಳಿದಿತ್ತು. ಅದರ ಹಿಂದೆ ಶಿವನಂಜಪ್ಪ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಹಾರ್ನ್ ಹೊಡೆಯುತ್ತಿದ್ದ.

"ಏನೀಗ?" ಅಂದೆ.

"ಏನೂ ಇಲ್ಲ, ಹಿಂದಕ್ಕೆ ತಗೊಳಿ. ಹತ್ಬೇಕಲ್ಲಾ?" ಎಂದವಳೇ ಟ್ರ್ಯಾಕ್ಟರಿನ ಕಡೆ ತಿರುಗಿ, ಸೀರೆಯ ಸೆರಗು ಬೀಸಿ ಕೂಗಿದಳು. "ಶಿವನಂಜಪ್ಪಣ್ಣಾ, ಒಂಚೂರು ಹಿಂದೆ ಸರಿಯಣ್ಣಾ! ನಮ್ ಯಜಮಾನ್ರು ಇನ್ನೊಂದು ಸಲ ನನ್ನ ದಾಟಿ, ನನ್ನ ಹತ್ತಿಸ್ಕೊಂಡು, ಮತ್ತೆ ನನ್ನ ದಾಟ್ಬೇಕು!"

ಶಿವನಂಜಪ್ಪನ ಬಾಯಿಂದ ಬೀಡಿ ಬಿತ್ತು. ಟ್ರೇಲರಿನಲ್ಲಿದ್ದವರಿಗೂ ಜೀಪಿನಲ್ಲಿದ್ದವರಿಗೂ ಒಟ್ಟಿಗೇ ನಗು ಬಂತು. ಅವನು ಗೇರ್ ಹಾಕಿ ಹಿಂದಕ್ಕೆ ಸರಿದ. ನಾನೂ ಹಿಂದಕ್ಕೆ ಸರಿದೆ, ಅರಿಸಿನದ ಮೇಲೆ, ಹೂವಿನ ಮೇಲೆ, ಏನೂ ತಾಗದ ಹಾಗೆ. ಅವಳು ಮತ್ತೆ ಹೂವು ತುಳಿಯದ ಹಾಗೆ ಕಲ್ಲು ಹತ್ತಿ ನಿಂತು ಕೈ ಚಾಚಿದಳು. ಹಿಡಿದು ಒಳಗೆಳೆದುಕೊಂಡೆ.

"ಇನ್ನು ಬೇಗ ನಡೆಸಿ" ಎಂದಳು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಳ್ಳುತ್ತ. "ಹೀಗೇ ಹಿಂದೆ ಮುಂದೆ ಆಡ್ತಾ ಇದ್ರೆ ಸೀಮಂತಕ್ಕೆ ಹೋದವರು ತೊಟ್ಟಿಲು ಶಾಸ್ತ್ರ ಮುಗಿಸ್ಕೊಂಡೇ ಬರಬೇಕಾಗ್ತದೆ."